ಎಡಪುಟಕ್ಕೆ ಕಥೆ, ಬಲಪುಟಕ್ಕೆ ನಾವು

ನಮ್ಮ ಸರ್‌ಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿದ್ದಾಗ ಊರಲ್ಲಿ ಯಾರೋ ಕಾಯಿಸಿದ ಎಣ್ಣೆ ಬಿಟ್ಟು ಅದನ್ನು ಪೂರ್ತಿ ಕೆಡಿಸಿದ್ದರಂತೆ. ಹಾಗಾಗಿ ತರಗತಿಯಲ್ಲಿ ಯಾರು ಬಾಯಿ ತೆರೆದರೂ ಸರ್ ಕುತ್ತಿಗೆ ತಿರುಗಿಸಿ, ಬಲಗಿವಿಯನ್ನು ಮುಂದೆ ಮಾಡಿಕೊಂಡು ಅವರ ಬಳಿಗೇ ನಡೆದುಬರುತ್ತಿದ್ದರು. ಕೊನೆಯ ಬೆಂಚಿನವರು ಮಾತಾಡಿದರೆ ಕೊನೆಯ ಬೆಂಚಿಗೆ, ಕಿಟಕಿಯ ಬದಿಯವರು ಮಾತಾಡಿದರೆ ಕಿಟಕಿಗೆ. ಇಬ್ಬರು ಒಟ್ಟಿಗೆ ಮಾತಾಡಿದರೆ ನಡುದಾರಿಯಲ್ಲಿ ನಿಂತು, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕಿವಿ ಕೊಟ್ಟು, ಕಡೆಗೆ ಇಬ್ಬರಿಗೂ ಸಿಟ್ಟು ಮಾಡುತ್ತಿದ್ದರು. ಅವರ ಕುರ್ಚಿಯ ಮೇಲೆ ಅವರ ಚೀಲ ಕೂರುತ್ತಿತ್ತೇ ಹೊರತು ಅವರು ಕೂತದ್ದನ್ನು ನಾನು ನೋಡಲಿಲ್ಲ.

ನಾನಾಗ ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಮನೆ ಹುಬ್ಬಳ್ಳಿಯಲ್ಲಿ, ಕೇಶ್ವಾಪುರದ ಕಡೆ. ಅಬ್ಬಾಗೆ ಬೈಕುಗಳ ಸೀಟ್ ಕವರ್ ಹೊಲಿಯುವ ಅಂಗಡಿ ಇತ್ತು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ ಸಂಜೆಗೆ ಮರಳುತ್ತಿದ್ದೆ. ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡವರು ನಾವು ಹದಿನೇಳು ಮಂದಿ. ಸರ್ ನಮಗೆ ಕಾದಂಬರಿ ಪಾಠ ಮಾಡುತ್ತಿದ್ದರು. ಅವರು ಅತಿಥಿ ಉಪನ್ಯಾಸಕರು. ಹನ್ನೊಂದು ವರ್ಷಗಳಿಂದ ಆ ಕಾಲೇಜಿಗೆ ಅತಿಥಿಯಾಗಿಯೇ ಉಳಿದಿದ್ದರು.

ಆ ವರ್ಷ ನಮಗೆ ಡಿಸ್ಟೋಪಿಯಾ ಕಾದಂಬರಿಗಳ ಒಂದು ಪೇಪರ್ ಇತ್ತು. ಆ ಶಬ್ದವನ್ನು ಬೋರ್ಡಿನ ಮೇಲೆ ಬರೆದು ಸರ್ ಕೇಳಿದರು, "ಇದಕ್ಕ ಅರ್ಥ ಏನಂತ ಬರಕೊಂಡೀರಿ?"

ಮಹಾಂತೇಶ ಎಂಬ ಹುಡುಗ ಗೈಡು ನೋಡಿ ಹೇಳಿದ, "ಕೆಟ್ಟ ಊರಿನ ಕಥಿ ಅಂತ ಐತ್ರಿ ಸರ್."

"ಅದನ್ನ ಹೊಡದು ಹಾಕ್ರಿ. ಎಲ್ಲಾ ಛಲೋ ಐತಿ ಅಂತ ಎಲ್ಲಾರೂ ಹೇಳೋ ಊರಿನ ಕಥಿ. ಅಂಥಾ ಊರಾಗ ಹೊಟ್ಟಿ ನೋಯಾಕತ್ತೇತಿ ಅನ್ನಾಕೂ ಜನ ಅಂಜತಾರ. ಓದ್ರಿ, ಆಮ್ಯಾಲ ಮಾತಾಡೂಣು."

ಓದಬೇಕಿದ್ದ ಕಾದಂಬರಿ ಬೇರೆ ದೇಶದ್ದು. ಅದರೊಳಗೆ ಒಂದು ನಗರ. ಅಲ್ಲಿ ಯಾರನ್ನೂ ಹೊಡೆಯುವುದಿಲ್ಲ, ಸೆರೆಗೆ ಹಾಕುವುದಿಲ್ಲ. ಪ್ರತಿಯೊಬ್ಬರೂ ದಿನಾ ಸಂಜೆ ಕೌಂಟರಿಗೆ ಹೋಗಿ ಯಾರಾದರೊಬ್ಬರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಬರಬೇಕು. ಅಷ್ಟೇ ಕಾನೂನು. ಏಳು ದಿನ ಯಾರ ಬಾಯಲ್ಲೂ ಹೆಸರು ಬಾರದ ಮನುಷ್ಯನ ಮನೆ ಎಂಟನೆಯ ಬೆಳಿಗ್ಗೆ ಖಾಲಿ ಇರುತ್ತದೆ. ಅವನು ಎಲ್ಲಿ ಹೋದ ಎಂದು ಪುಸ್ತಕ ಮುಗಿದರೂ ಗೊತ್ತಾಗುವುದಿಲ್ಲ.

ಸರ್ ನಮ್ಮ ಕೈಯಲ್ಲಿ ಒಂದೊಂದು ಇನ್ನೂರು ಪುಟದ ನೋಟ್‌ಬುಕ್ ಇಡಿಸಿದರು. ಅದನ್ನು 'ಓದಿನ ವಹಿ' ಎನ್ನುತ್ತಿದ್ದರು. ಎಡಪುಟದಲ್ಲಿ ಪುಸ್ತಕದಲ್ಲಿ ಏನಾಯಿತು ಎಂದು ಬರೆಯಬೇಕು. ಬಲಪುಟದಲ್ಲಿ, ಅದನ್ನು ಓದುವಾಗ ನಮಗೇನಾಯಿತು ಎಂದು. ಯಾವ ಭಾಷೆಯಾದರೂ ಸರಿ, ತಪ್ಪು ತಿದ್ದುವುದಿಲ್ಲ, ನಾವು ಹೇಳದ ಹೊರತು ಒಬ್ಬರದ್ದನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಪ್ರತಿ ಶುಕ್ರವಾರ ವಹಿಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಒಯ್ಯುವರು, ಸೋಮವಾರ ತರುವರು.

ನನಗೆ ಅದು ಸುಲಭದ ಕೆಲಸವೆನಿಸಿತು. ಎರಡು ವಾರ ಎಡಪುಟಗಳನ್ನು ಚಂದದ ಅಕ್ಷರದಲ್ಲಿ ತುಂಬಿದೆ. ಬಲಪುಟದಲ್ಲಿ 'ತುಂಬಾ ಕುತೂಹಲಕಾರಿಯಾಗಿದೆ' ಎಂದು ಒಂದು ಸಾಲು. ಸೋಮವಾರ ವಹಿ ಕೈಗೆ ಬಂದಾಗ ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದರು: 'ಊರು ನೋಡಿದೆ. ನೀವು ಆ ಊರಾಗ ಯಾವ ಓಣಿಯಾಗ ಇದ್ದೀರಿ?'

ಆ ಪ್ರಶ್ನೆ ನನ್ನನ್ನು ಬಸ್ಸಿನಲ್ಲಿ ಕೂರಗೊಡಲಿಲ್ಲ. ಅದಕ್ಕೂ ಆರು ತಿಂಗಳು ಮೊದಲು ನಾವು ಮನೆ ಬದಲಿಸಿದ್ದೆವು. ಮನೆ ಖಾಲಿ ಇದೆ ಎಂದವರು ಅಬ್ಬಾನ ಹೆಸರು ಕೇಳಿದ ಮೇಲೆ, ನಿನ್ನೆಯೇ ಯಾರೋ ಮುಂಗಡ ಕೊಟ್ಟು ಹೋದರು ಎಂದಿದ್ದರು. ಹಾಗೆ ನಾಲ್ಕು ಕಡೆ ಆಯಿತು. ಐದನೆಯದು ಸಿಕ್ಕಿತು. ಆ ಓಣಿಗೆ ಬಂದಂದಿನಿಂದ ಅಬ್ಬಾ ಎದುರಾದವರಿಗೆಲ್ಲ ತಾವೇ ಮೊದಲು ನಮಸ್ಕಾರ ಹೇಳುತ್ತಿದ್ದರು, ಸಣ್ಣ ಹುಡುಗರಿಗೂ. ಎದುರು ಮನೆಯವರು ಒಮ್ಮೆ ಅಮ್ಮಿಯ ಹತ್ತಿರ, "ನೀವು ಹಂಗಲ್ಲ ಬಿಡ್ರಿ, ಛಲೋ ಮಂದಿ" ಎಂದಿದ್ದರು. ಅಮ್ಮಿ ಅದನ್ನು ಸಂತೋಷದಿಂದ ಮನೆಯಲ್ಲಿ ಹೇಳಿದ್ದಳು. ಆವತ್ತು ನಾನೂ ಸಂತೋಷಪಟ್ಟಿದ್ದೆ.

ಇದನ್ನೆಲ್ಲ ಬಲಪುಟದಲ್ಲಿ ಬರೆದೆ. 'ಅಬ್ಬಾ ದಿನಾ ಸಂಜೆ ಯಾವ ಕೌಂಟರಿಗೂ ಹೋಗುವುದಿಲ್ಲ. ಆದರೆ ನಮ್ಮ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಲಿ ಎಂದು ದಿನವಿಡೀ ಕಾಯುತ್ತಾರೆ' ಎಂದು ಕೊನೆಯ ಸಾಲು. ಬರೆದ ಮೇಲೆ ಕಾದಂಬರಿಯನ್ನು ಮತ್ತೆ ಮೊದಲಿನಿಂದ ಓದಿದೆ. ಮೊದಲ ಸಲ ನಕ್ಕು ಮುಂದೆ ಹೋದ ಪುಟಗಳನ್ನು ಈ ಸಲ ದಾಟಲಾಗಲಿಲ್ಲ. ಸರ್ ಅದರ ಕೆಳಗೆ ಏನೂ ಬರೆದಿರಲಿಲ್ಲ. ವಹಿ ಕೊಡುವಾಗ ಮಾತ್ರ, "ನಿಮ್ಮ ತಂದಿಯವರ ಅಂಗಡಿ ಎಲ್ಲೈತ್ರಿ?" ಎಂದು ಕೇಳಿದರು. ಮುಂದಿನ ವಾರ ತಮ್ಮ ಹಳೆಯ ಸ್ಕೂಟರಿನ ಸೀಟು ಹೊಲಿಸಿಕೊಂಡು ಹೋದರಂತೆ. ಅಬ್ಬಾಗಿಂತ ಮೊದಲು ಅವರೇ ನಮಸ್ಕಾರ ಹೇಳಿದರೆಂದು ಅಬ್ಬಾ ಮೂರು ದಿನ ಹೇಳುತ್ತಿದ್ದರು.

ಬುಧವಾರಗಳಂದು ಚರ್ಚೆ. ಸರ್ ಪ್ರಶ್ನೆ ಕೇಳಿ ನಡೆಯತೊಡಗುವರು, ನಾವು ಜಗಳಾಡುವೆವು. ಮಹಾಂತೇಶ, "ಇಂಥಾ ಊರು ಇರಾಕ ಸಾಧ್ಯನಽ ಇಲ್ರಿ. ಜನ ತಿರುಗಿ ಬೀಳತಾರ" ಎಂದರೆ ಸರ್ ಅವನ ಬೆಂಚಿಗೆ ಬಂದು, "ಯಾರು ಮೊದಲ ಬೀಳತಾರ್ರಿ? ನೀವು ಬೀಳತೀರೇನು?" ಎನ್ನುವರು. ಅವನು ತಡವರಿಸುವನು. ಒಂಟಿಯಾಗಿ ಓದಿದಾಗ ನನಗೆ ಆ ಊರಿನ ಜನ ಹೇಡಿಗಳಂತೆ ಕಂಡಿದ್ದರು. ನಾಲ್ಕು ಬುಧವಾರ ಕಳೆಯುವಷ್ಟರಲ್ಲಿ ಅವರು ನಮ್ಮ ಹದಿನೇಳು ಜನರಂತೆಯೇ ಕಾಣತೊಡಗಿದರು.

ಸಾವಿತ್ರಿ ಬಾಯಿಬಿಟ್ಟದ್ದು ಐದನೆಯ ಬುಧವಾರ. ಅವಳು ಧಾರವಾಡದ ಒಂದು ಕಾಳಿನ ವ್ಯಾಪಾರಿಗಳ ಮನೆಯ ಹುಡುಗಿ. ನನ್ನ ಪಕ್ಕದಲ್ಲೇ ಕೂರುತ್ತಿದ್ದರೂ ಮೂರು ವರ್ಷದಲ್ಲಿ ನನ್ನೊಂದಿಗೆ ಮೂವತ್ತು ಮಾತು ಆಡಿದ್ದಳೋ ಇಲ್ಲವೋ. ಆ ದಿನ ಚರ್ಚೆ ನಡೆದದ್ದು, ಕಾದಂಬರಿಯಲ್ಲಿ ಎಲ್ಲರ ಮಾತನ್ನು ನಗುನಗುತ್ತ ಬರೆದುಕೊಳ್ಳುವ ಕೌಂಟರಿನ ಅಧಿಕಾರಿ ಕೆಟ್ಟವನೋ ಅಲ್ಲವೋ ಎಂದು. ಸಾವಿತ್ರಿ ವಹಿ ಹಿಡಿದು ಎದ್ದಳು.

"ನಾ ಬರದದ್ದು ಓದಲೇನ್ರಿ ಸರ್?"

ಸರ್ ಅವಳ ಹತ್ತಿರ ಬಂದು ಕಿವಿ ಕೊಟ್ಟರು. "ಓದಬೇಕಂತ ನಿಮಗ ಅನಿಸಿದ್ರ ಓದ್ರಿ. ಇಲ್ಲಾಂದ್ರ ಬ್ಯಾಡ."

ಅವಳು ಓದಿದಳು. "ಆ ಅಧಿಕಾರಿ ಕೆಟ್ಟವ ಅಲ್ಲ. ನಮ್ಮಣ್ಣ ದಿನಾ ಸಂಜಿಗೆ ನನ್ನ ಫೋನ್ ಇಸಗೊಂಡು ನೋಡತಾನ. ಪೂರಾ ನೋಡಿ, ನನ್ನ ತಲಿ ಮ್ಯಾಲ ಕೈ ಇಟ್ಟು, ಶ್ಯಾಣ್ಯಾಕಿ ಅಂತಾನ. ನನ್ನ ಮ್ಯಾಲ ಅವಂಗ ಖರೇನಽ ಪ್ರೀತಿ ಐತಿ. ಆದ್ರ ಅವ ತಲಿ ಮ್ಯಾಲ ಕೈ ಇಟ್ಟಾಗೆಲ್ಲಾ ನನಗ ಉಸಿರು ಕಟ್ಟತೈತಿ."

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಪ್ರೀತಿಯಿಂದ ಕಾಯುವವನಿಗೂ ದರ್ಪದಿಂದ ಕಾಯುವವನಿಗೂ ಕಾವಲಲ್ಲಿರುವವರ ಕಡೆಯಿಂದ ನೋಡಿದರೆ ಏನು ಫರಕು ಎಂದು ಆ ದಿನ ನಾವು ಆಡಿದ ಮಾತು ಯಾವ ಗೈಡಿನಲ್ಲೂ ಇರಲಿಲ್ಲ.

ನಾನು ತಪ್ಪು ಮಾಡಿದ್ದು ಆ ಸಂಜೆ. ಬಸ್ಸಿನಲ್ಲಿ ಕೂತಾಗ ಅವಳ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅದರ ಕೊನೆಯ ಸಾಲನ್ನು ನನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಹೆಸರು ಹಾಕಲಿಲ್ಲ. ಕೆಳಗೆ, 'ಇವತ್ತು ನಮ್ಮ ಸರ್ ಕ್ಲಾಸಿನಲ್ಲಿ ಗೆಳತಿಯೊಬ್ಬಳು ಓದಿದ್ದು, ಎಂಥಾ ಮಾತು' ಎಂದು ಬರೆದೆ. ಮೆಚ್ಚಿಗೆಯಿಂದಲೇ ಬರೆದದ್ದು. ಯಾರೋ ಮೇಲಿನ ನನ್ನ ಹೆಸರು ಬಿಟ್ಟು ಅದರ ಸ್ಕ್ರೀನ್‌ಶಾಟ್ ತೆಗೆದರು. ಅದು ಕೈಯಿಂದ ಕೈಗೆ ಹೋಗಿ ಮೂರನೆಯ ದಿನ ಸಾವಿತ್ರಿಯ ಅಣ್ಣನನ್ನು ಮುಟ್ಟಿತು. ಅವಳ ಹೆಸರಿಲ್ಲದಿದ್ದರೇನು, ಅವನಿಗೆ ತನ್ನ ಕೈಯ ಗುರುತು ಸಿಗದೆ ಇರುತ್ತದೆಯೇ.

ಸೋಮವಾರ ಅವನು ಇಬ್ಬರು ಹಿರಿಯರನ್ನು ಕರೆದುಕೊಂಡು ಪ್ರಾಚಾರ್ಯರ ಕೋಣೆಗೆ ಬಂದ. ಪಾಠದ ಹೆಸರಿನಲ್ಲಿ ಹೆಣ್ಣುಮಕ್ಕಳಿಂದ ಮನೆಯ ಒಳಗಿನ ಸಂಗತಿ ಬರೆಸಿಕೊಳ್ಳುತ್ತಾರೆ ಎಂಬುದು ಅವನ ದೂರು. ಮಧ್ಯಾಹ್ನದೊಳಗೆ ಹದಿನೇಳೂ ವಹಿಗಳು ತಮ್ಮ ಮೇಜಿನ ಮೇಲೆ ಇರಬೇಕೆಂದು ಪ್ರಾಚಾರ್ಯರು ಸರ್‌ಗೆ ಹೇಳಿ ಕಳಿಸಿದರು.

ಸರ್ ತರಗತಿಗೆ ಬಂದು ಚೀಲವನ್ನು ಕುರ್ಚಿಯ ಮೇಲಿಡಲಿಲ್ಲ. ಹೆಗಲಲ್ಲೇ ಇಟ್ಟುಕೊಂಡು, ಒಂದೊಂದೇ ವಹಿ ತೆಗೆದು ಬೆಂಚಿನಿಂದ ಬೆಂಚಿಗೆ ಹೋಗಿ ಹಂಚಿದರು.

"ಪ್ರಾಚಾರ್ಯರು ಇವನ್ನ ಕೇಳ್ಯಾರ. ಇವು ನನ್ನವಲ್ಲ, ನಿಮ್ಮವು. ನಾ ಒಯ್ದು ಕೊಡಂಗಿಲ್ಲ. ಕೊಡೋದು ಬಿಡೋದು ನಿಮಗ ಬಿಟ್ಟದ್ದು. ಕೊಟ್ಟವ್ರ ಮ್ಯಾಲ ನನಗ ಸಿಟ್ಟಿಲ್ಲ."

ಮಹಾಂತೇಶ ಹೇಳಿದ, "ಕೊಟ್ಟಬಿಡೂಣ್ರಿ ಸರ್. ನಮ್ಮದ್ರಾಗ ಮುಚ್ಚಿಡೋದು ಏನೈತಿ?"

"ಮುಚ್ಚಿಡೋದು ಇಲ್ಲದವ್ರು ಕೊಡ್ರಿ," ಎಂದಳು ಸಾವಿತ್ರಿ. "ಇದ್ದವ್ರು ಎಲ್ಲಿ ಹೋಗಬೇಕು? ಕೊಡದಿದ್ದವ್ರ ಹೆಸರು ತಾನಽ ಎದ್ದ ಕಾಣತೈತಲ್ಲ."

ಸರ್ ಮಾತಾಡಿದವರ ಬಳಿಗೆ ಹೋಗಿ ಹೋಗಿ ಕೇಳಿಸಿಕೊಂಡರು. ಜನ ಆ ಕೌಂಟರಿನ ಮುಂದೆ ಯಾಕೆ ತಾವಾಗಿಯೇ ಸಾಲು ನಿಲ್ಲುತ್ತಾರೆ ಎಂಬುದು ನನಗೆ ಅರ್ಥವಾದದ್ದು ಆ ಅರ್ಧ ತಾಸಿನಲ್ಲಿ. ಹನ್ನೊಂದು ಮಂದಿ ವಹಿ ಒಯ್ದು ಕೊಟ್ಟರು.

ನಾನು ಊಟದ ಬಿಡುವಿನಲ್ಲಿ ಗ್ರಂಥಾಲಯದ ಹಿಂದೆ ಕೂತು ಬಲಪುಟಗಳನ್ನಷ್ಟೇ ಹರಿದು, ಎಡಪುಟಗಳನ್ನು ಕೊಟ್ಟು ಪಾರಾಗೋಣ ಎಂದುಕೊಂಡೆ. ಆದರೆ ಬಲಪುಟದ ಬೆನ್ನಿಗೇ ಮುಂದಿನ ಎಡಪುಟ ಇರುತ್ತಿತ್ತು. ನಮ್ಮ ಮನೆಯ ಮಾತು ಹರಿಯಲು ಹೋದರೆ ಕಥೆಯೂ ಹರಿಯುತ್ತಿತ್ತು. ಹಾಗೇ ಹಿಡಿದು ಕೂತೆ. ಎದುರು ಮನೆಯವರ ಮಾತು, ನಾಲ್ಕು ಮನೆಯವರ ಸುಳ್ಳು, ಎಲ್ಲ ಅದರಲ್ಲಿತ್ತು. ಕೊನೆಗೆ ವಹಿಯನ್ನು ಬುರ್ಖಾದ ಒಳಗೆ ಸೇರಿಸಿಕೊಂಡು, ಬಸ್ಸಿನಲ್ಲಿ ಕಳೆಯಿತೆಂದು ಹೇಳಿಬಿಟ್ಟೆ.

ಮರುದಿನ ಪ್ರಾಚಾರ್ಯರು ನೇಮಿಸಿದ ಮೂರು ಮಂದಿಯ ಸಮಿತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆಯಿತು. ನನ್ನ ಸರದಿ ಬಂತು. ಸರ್ ಒತ್ತಾಯದಿಂದ ಬರೆಸಿದರೇ ಎಂದು ಕೇಳಿದರು. "ಇಲ್ರಿ" ಎಂದೆ. ಅವರಲ್ಲೊಬ್ಬರು ಒಳ್ಳೆಯ ಹೆಂಗಸು, ಪೆನ್ನು ಕೆಳಗಿಟ್ಟು ಮೆತ್ತಗೆ ಕೇಳಿದರು, "ನಿಮ್ಮ ಸರ್ ಬಗ್ಗೆ ನೀ ಏನರ ಹೇಳಬೇಕಂತೀಯೇನವಾ? ಬರಕೋತೀವಿ."

ಹೇಳುವುದು ಬೇಕಾದಷ್ಟಿತ್ತು. ಆದರೆ ಬಾಯಿ ತೆರೆದರೆ ಸ್ಟೇಟಸ್ಸಿನ ಮಾತು ಬರುತ್ತದೆ, ವಹಿಯ ಮಾತು ಬರುತ್ತದೆ, ಅಬ್ಬಾನ ತನಕ ಹೋಗುತ್ತದೆ ಎಂದು ಹೆದರಿದೆ.

"ಏನೂ ಇಲ್ರಿ," ಎಂದೆ. ಹೊರಗೆ ಬಂದೆ.

ನನ್ನ ನಂತರ ಹೋದವಳು ಸಾವಿತ್ರಿ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ನಾನಽ ಬರದೇನಿ, ನಾನಽ ಎದ್ದು ಓದೇನಿ. ಸರ್ ಬ್ಯಾಡಾದ್ರ ಬಿಡ್ರಿ ಅಂದಿದ್ರು. ಇದನ್ನ ಬರಕೊಳ್ರಿ" ಎಂದು ಅವಳು ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಎರಡು ವಾರ ಅವಳನ್ನು ಮನೆಯವರು ಕಾಲೇಜಿಗೆ ಕಳಿಸಲಿಲ್ಲ. ಪರೀಕ್ಷೆಗೆ ಅಣ್ಣನೇ ಬಿಟ್ಟು, ಅಣ್ಣನೇ ಕರೆದೊಯ್ದ.

ಸರ್ ಅವರನ್ನು ತೆಗೆದರು ಎಂದು ಯಾರೂ ಹೇಳಲಿಲ್ಲ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಅಷ್ಟೆ. ನೋಟೀಸ್ ಬೋರ್ಡಿನ ಮುಂದೆ ನಾವು ನಾಲ್ಕೈದು ಮಂದಿ ನಿಂತು ನೋಡಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಂಟು ತಿಂಗಳು ನಾನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಕಡೆಗೆ ಒಂದು ಭಾನುವಾರ ಬೆಳಿಗ್ಗೆ ವಿಳಾಸ ಕೇಳಿಕೊಂಡು ಧಾರವಾಡದ ಅವರ ಮನೆಗೆ ಹೋದೆ. ಅವರು ಆಗ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ಕೋಚಿಂಗ್ ಕ್ಲಾಸಿನಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದರು. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ. ಸ್ಟೇಟಸ್ಸು, ಕಳೆದುಹೋಗದ ವಹಿ, ಸಮಿತಿಯ ಮುಂದೆ ಹೇಳದೆ ಉಳಿದ ಮಾತು.

ಸರ್ ಎದ್ದರು. ಆ ಸಣ್ಣ ಪಡಸಾಲೆಯಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದರು. ಅವರಿಗೆ ನೋವಾಗಿತ್ತು. ಅದನ್ನು ಮುಚ್ಚುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

"ನೀ ಅಂತ ನನಗ ಗೊತ್ತಿರಲಿಲ್ಲ," ಎಂದರು. ನನ್ನನ್ನು ಅವರು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಇನ್ನೊಂದು ಸುತ್ತು ನಡೆದು ಕೇಳಿದರು, "ಸಾವಿತ್ರಿ ಮುಂದ ಹೇಳೀಯೇನು?"

"ಇಲ್ರಿ ಸರ್."

"ನನ್ನ ಮುಂದ ಹೇಳೋದು ಹಗರ ಕೆಲಸ. ನಾ ಮಾಸ್ತರ, ಕೇಳಿ ಸುಮ್ಮನಾಗತೇನಿ. ಆಕಿ ಮನ್ಯಾಗ ಏನೇನು ಅನುಭವಿಸ್ಯಾಳೋ. ಮೊದಲ ಆಕಿ ಕಡೆ ಹೋಗಬೇಕಿತ್ತು."

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. "ಆರತೈತಿ, ಕುಡಿ. ವಹಿ ಇನ್ನೂ ಐತೇನು?"

"ಐತ್ರಿ."

"ಹಂಗಾದ್ರ ಇದನ್ನೂ ಅದರಾಗ ಬರಿ. ನನಗ ತೋರಸಬ್ಯಾಡ. ಬರದಾದ ಮ್ಯಾಲ ಆ ಪುಸ್ತಕಾನ ಮೂರನೇ ಸಲ ಓದು. ಈಗ ನೀ ಆ ಊರಿನ ಖರೇ ಮಂದಿ ಆಗೀದಿ. ಈಗ ಓದಿದ್ರ ತಿಳೀತೈತಿ."

ಬೈದಿದ್ದರೆ ಹಗುರಾಗುತ್ತಿದ್ದೆ. ಹಾಗೆ ಹೇಳಿ ಕಳಿಸಿದ್ದರಿಂದ ಆ ವಾರವೇ ಸಾವಿತ್ರಿಯನ್ನು ಹುಡುಕಿಕೊಂಡು ಹೋಗಿ ಹೇಳಿದೆ. "ಅಷ್ಟು ದಿವಸ ಬಾಜೂಕ ಕುಂತಿದ್ದೆಲ್ಲ," ಎಂದಳು. ಅಷ್ಟೇ ಅಂದದ್ದು. ಈಗ ಅವಳು ಗದಗಿನ ಕಡೆ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ, ತನ್ನ ಫೋನಿಗೆ ತಾನೇ ಒಡತಿ. ಹಬ್ಬಕ್ಕೆ ಶುಭಾಶಯ ಕಳಿಸಿದರೆ ಉತ್ತರ ಬರುತ್ತದೆ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ನಾನು ಬಿ.ಎಡ್. ಮುಗಿಸಿ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಆ ಕಾದಂಬರಿಯ ಕಥೆಯನ್ನು ನನ್ನ ಮಾತಿನಲ್ಲಿ ವಾರಕ್ಕಿಷ್ಟು ಎಂದು ಹೇಳುತ್ತೇನೆ, ವಹಿ ಬರೆಸುತ್ತೇನೆ. ಮೊದಲ ದಿನವೇ ಹೇಳಿಬಿಡುತ್ತೇನೆ: ಇಲ್ಲಿ ಕೇಳಿದ್ದನ್ನು ಮೆಚ್ಚಿಗೆಯಿಂದಲೂ ಹೊರಗೆ ಒಯ್ಯಬಾರದು. ಯಾಕೆ ಎಂದು ಕೇಳಿದವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಸರ್‌ಗೆ ಮೂತ್ರಪಿಂಡದ ತೊಂದರೆ ಬಲಿತು ಧಾರವಾಡದ ಹತ್ತಿರದ ಸತ್ತೂರಿನ ಆಸ್ಪತ್ರೆಗೆ ಸೇರಿಸಿದರು. ಒಂದು ಬುಧವಾರ ಶಾಲೆ ಬಿಟ್ಟ ಮೇಲೆ ನೋಡಲು ಹೋದೆ. ಮುಖ ಬಾತಿತ್ತು. ಕೈಗೆ ಸೂಜಿ ಹಾಕಿದ್ದರಿಂದ ಏಳುವ ಹಾಗಿರಲಿಲ್ಲ. ನಡೆಯಲಾಗದ್ದೇ ಅವರಿಗೆ ರೋಗಕ್ಕಿಂತ ದೊಡ್ಡ ಸಂಕಟವಾಗಿತ್ತು. ಹೊದಿಕೆಯ ಕೆಳಗೆ ಪಾದಗಳು ಒಂದೇ ಸಮ ಅಲುಗುತ್ತಿದ್ದವು.

"ಹುಡುಗೂರು ಏನಂತಾರ?" ಎಂದು ಕೇಳಿದರು.

ನಾನು ಬಲಬದಿಗೆ ಹೋಗಿ ಕೂತು, ಬರೆದವಳನ್ನು ಕೇಳಿಕೊಂಡೇ ತಂದಿದ್ದ ಮಾತನ್ನು ಹೇಳಿದೆ. ನನ್ನ ತರಗತಿಯ ಒಬ್ಬ ಹುಡುಗಿ, ಎಂಟನೆಯ ಬೆಳಿಗ್ಗೆ ಕಾಣೆಯಾದವರು ಸತ್ತಿಲ್ಲ, ಯಾರನ್ನೂ ಹೊಗಳಬೇಕಾಗಿಲ್ಲದ ಇನ್ನೊಂದು ಊರಿನಲ್ಲಿ ಆರಾಮಾಗಿದ್ದಾರೆ ಎಂದು ಬರೆದಿದ್ದಳು. ಅವಳು ಅದನ್ನು ಓದಿದಾಗ ಉಳಿದವರು ಅವಳ ಮೇಲೆ ಮುಗಿಬಿದ್ದಿದ್ದರು.

ಸರ್ ಅವರ ಕಣ್ಣು ಅಗಲವಾಯಿತು. ಮೊಣಕೈ ಊರಿ ಏಳಹೋದರು. ನರ್ಸ್ ಬಂದು, "ಮಲಕೊಳ್ರಿ ಅಜ್ಜಾರ" ಎಂದು ಗದರಿದಳು. ಮಲಗಿಕೊಂಡೇ ಹೇಳಿದರು, "ಆಕಿಗೆ ಒಂದು ಕೇಳು. ಹಂಗಿದ್ರ ಅವ್ರು ಅಲ್ಲಿಂದ ಒಂದು ಪತ್ರಾನರ ಯಾಕ ಬರೀಲಿಲ್ಲ ಅಂತ. ಏನಂದ್ಲು ಅಂತ ಬಂದು ನನಗ ಹೇಳಬೇಕು ಮತ್ತ."

"ಸೋಮವಾರ ಆ ತರಗತಿ ಐತ್ರಿ. ಕೇಳಿ ಮಂಗಳವಾರ ಬರತೇನಿ," ಎಂದೆ.

ಶನಿವಾರ ಮಧ್ಯಾಹ್ನ ಸರ್ ತೀರಿಕೊಂಡರು. ಭಾನುವಾರ ಅವರ ಊರಿನಲ್ಲಿ, ಅವರದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅಬ್ಬಾ ನನ್ನ ಜೊತೆ ಬಂದಿದ್ದರು.

ಸೋಮವಾರ ರಜೆ ಹಾಕಬೇಕೆಂದುಕೊಂಡವಳು ಶಾಲೆಗೆ ಹೋದೆ. ಆ ಹುಡುಗಿಯನ್ನು ಎಬ್ಬಿಸಿ, ಸರ್ ಕೇಳಿದ ಪ್ರಶ್ನೆಯನ್ನು ಅವರು ಕೇಳಿದ ಹಾಗೆಯೇ ಕೇಳಿದೆ. ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ ಬಹಳ ಹೊತ್ತು ಯೋಚಿಸಿದಳು. ನಾನು ಬೋರ್ಡಿನ ಹತ್ತಿರ ನಿಲ್ಲಲಾರದೆ ಅವಳ ಬೆಂಚಿನ ತನಕ ಹೋದೆ.

"ಪತ್ರಾ ಬರದಿರತಾರ್ರಿ ಟೀಚರ್," ಎಂದಳು ಕೊನೆಗೆ. "ಇಲ್ಲಿಯವರಽ ಹಂಚಿರಾಕಿಲ್ಲ."

ಮಂಗಳವಾರ ಆ ಉತ್ತರವನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ, ಸಂಜೆ ಸತ್ತೂರಿನ ಕಡೆಗೆ ಹೋಗುವ ಬಸ್ಸನ್ನೇ ಹತ್ತಿದ್ದೆ.